ಅಪ್ಪ ಅಮ್ಮನ ನೆನಪಿನ ಪರೀಕ್ಷೆಗೆ ಹೋಗುವ ಮುಂಚೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ವಯಸ್ಸಾದ ಅಪ್ಪ ಅಮ್ಮನ ಜೊತೆ ಇರುವವರು ದಯವಿಟ್ಟು ಓದಿ.

ಮೆಡಿಕೇರ್ (ಅಲ್ಲಿ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಇರುವವರಿಗೆ 2011ರಿಂದ ವರ್ಷಕ್ಕೊಮ್ಮೆ ವೆಲ್‌ನೆಸ್ ವಿಸಿಟ್, ಅಂದರೆ ಆರೋಗ್ಯ ಹೇಗಿದೆ ಅಂತ ನೋಡುವ ಭೇಟಿ, ಸಿಗುತ್ತದೆ. ಅದರಲ್ಲಿ ಡಾಕ್ಟರ್ ಮರೆವಿನ ಬಗ್ಗೆಯೂ ನೋಡಬೇಕು. ಈಗ ಕೆಲವು ಕ್ಲಿನಿಕ್‌ಗಳಲ್ಲಿ ಇದಕ್ಕೆ ಟ್ಯಾಬ್ಲೆಟ್ ಕೊಡುತ್ತಾರೆ. ಪದ ನೆನಪಿಡುವುದು, ಚಿತ್ರ ಗುರುತಿಸುವುದು, ಹೀಗೆ. ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೂ ಅಳೆಯುವ ಪರೀಕ್ಷೆಗಳಿವೆ. ನನಗೆ ಚಿಂತೆ ಇರುವುದು ಇಲ್ಲೇ. ಜೀವನವಿಡೀ ಕನ್ನಡದಲ್ಲೇ ಲೆಕ್ಕ ಹಾಕಿದ ಅಮ್ಮ ಇಂಗ್ಲಿಷ್ ಪರದೆ ಮುಂದೆ ತಡವರಿಸಿದರೆ ಅದು ಮರೆವಲ್ಲ, ಅಲ್ವಾ?

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ದುಭಾಷಿ ಬೇಕು ಎಂದು ಹೇಳಿಬಿಡಿ. ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡಬೇಡಿ. ಕನ್ನಡಕ, ಹಿಯರಿಂಗ್ ಏಡ್ ಮರೆಯಬೇಡಿ. ಎಷ್ಟು ಓದಿದ್ದಾರೆ ಅಂತಲೂ ತಿಳಿಸಿ. ನೆನಪು, ಯೋಚನಾಶಕ್ತಿ ನೋಡುವ 30 ಅಂಕಗಳ ಮೋಕಾ (MoCA) ಪರೀಕ್ಷೆಯಲ್ಲಿ 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ 1 ಅಂಕ ಸೇರಿಸುತ್ತಾರೆ.

ಅಂಕ ಕಡಿಮೆ ಬಂದ ಮಾತ್ರಕ್ಕೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಅಂತಲ್ಲ. ಥೈರಾಯ್ಡ್, ಖಿನ್ನತೆ, ನಿದ್ದೆ ಮಾತ್ರೆಯಿಂದಲೂ ಮರೆವು ಬರುತ್ತದೆ. ವಿಟಮಿನ್ ಬಿ12 ಕೊರತೆಯಿಂದಲೂ ಬರಬಹುದು, ಆ ಕೊರತೆ ಸಸ್ಯಾಹಾರಿಗಳಲ್ಲಿ ಜಾಸ್ತಿ. ಆ ರಕ್ತಪರೀಕ್ಷೆಯನ್ನು ಕೇಳಿ ಮಾಡಿಸಿ. ಮನೆಯಲ್ಲಿ ನೀವು ಗಮನಿಸಿದ ಬದಲಾವಣೆಗಳನ್ನೂ ಬರೆದುಕೊಂಡು ಹೋಗಿ. ಡಾಕ್ಟರಿಗೆ ಅದು ತುಂಬಾ ಬೇಕಾಗುತ್ತದೆ.