ಬಿಲ್ಲಿನ ಕೆಳಗಿನ ಆ ಹೊಸ ಸಾಲಿನ ಬಗ್ಗೆ

ಪ್ರೀತಿಯ ಗ್ರಾಹಕರೇ,

ಈ ತಿಂಗಳ ಬಿಲ್ಲಿನಲ್ಲಿ ಬಿಡಿಭಾಗ, ಕೂಲಿ, ತೆರಿಗೆ ಎಲ್ಲಾ ಆದ ಮೇಲೆ ಕೆಳಗೊಂದು ಹೊಸ ಸಾಲು ನೋಡಿರುತ್ತೀರಿ: ‘ತರಬೇತಿ ಪಾಲು, ಶೇ 4’. ಅದು ಕೂಲಿಯ ಮೇಲೆ ಮಾತ್ರ, ಬಿಡಿಭಾಗದ ಮೇಲೆ ಇಲ್ಲ. ಚಿಕ್ಕ ಮೊತ್ತವೇ. ಆದರೂ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಬಿಲ್ಲು ನಿಮ್ಮ ಕೈ ಸೇರಿದ ಮೇಲೆ ಪತ್ರ ಬರೆಯುತ್ತಿದ್ದೇವೆ. ಇದಕ್ಕೆ ನೆಪ ಹೇಳುವುದಿಲ್ಲ, ಕ್ಷಮಿಸಿ.

ಹಳೇ ಶೆಡ್ಡಿನ ಕಾಲದಿಂದ ನಮ್ಮನ್ನು ಬಲ್ಲವರಿಗೆ, ಫ್ಯಾನು, ಮಿಕ್ಸಿ, ವಾಷಿಂಗ್ ಮಷಿನ್ ರಿಪೇರಿ ಮಾಡುವ ನಮ್ಮ ಈ ಸಂಘದ ಕಥೆ ಮತ್ತೆ ಹೇಳುವುದು ಬೇಡ. ನೇರ ವಿಷಯಕ್ಕೆ ಬರುತ್ತೇನೆ. ಹಳಿಯಾಚೆಯ ಕಾಲೊನಿಗಳಿಂದ ಬಂದವರಿಗೆ 12 ವಾರ ರಿಪೇರಿ ಕೆಲಸ ಕಲಿಸುತ್ತೇವಲ್ಲ, ಆ ಬ್ಯಾಚುಗಳಿಗೆ ಇಷ್ಟು ದಿನ ಹೊರಗಿನ ಒಂದು ಸಂಸ್ಥೆ ದುಡ್ಡು ಕೊಡುತ್ತಿತ್ತು. ಈ ವರ್ಷದಿಂದ ಆಗುವುದಿಲ್ಲ ಎಂದಿದೆ. ಸದಸ್ಯರು ಮೂರು ಸಲ ಸಭೆ ಸೇರಿದೆವು. ನಿಲ್ಲಿಸಿಬಿಡೋಣ ಎಂದವರೂ ಇದ್ದರು, ಸುಮ್ನೆ ಮುಚ್ಚಿಡುವುದು ಯಾಕೆ. ಕೊನೆಗೆ ಬ್ಯಾಚು ನಡೆಸುವುದು ಎಂದೇ ಆಯಿತು. ಖರ್ಚಿನ ಅರ್ಧ ಸಂಘದ ಲಾಭದಿಂದ, ಅಂದರೆ ನಮ್ಮ ಬೋನಸ್ಸಿನಿಂದ. ಉಳಿದರ್ಧ ಬಿಲ್ಲಿನ ಆ ಸಾಲಿನಿಂದ.

ಇದರ ಜೊತೆ ಇನ್ನೆರಡು ಬದಲಾವಣೆ ಇದೆ. ಮನೆಗೆ ಬರುವ ಮೆಕ್ಯಾನಿಕ್ ಜೊತೆ ಕೆಲವು ಸಲ ಕಲಿಯುವವರೊಬ್ಬರು ಬರುತ್ತಾರೆ. ವರ್ಕ್‌ಶಾಪಿಗೆ ಬಿಟ್ಟ ಫ್ಯಾನು, ಮಿಕ್ಸಿ, ಮೋಟರ್ ವಾಪಸ್ ಕೊಡಲು ಒಂದೆರಡು ದಿನ ಜಾಸ್ತಿ ಹಿಡಿಯಬಹುದು. ಅರ್ಜೆಂಟ್ ಇದ್ದರೆ ಬಿಡುವಾಗಲೇ ಹೇಳಿ, ಚೀಟಿಯ ಮೇಲೆ ಕೆಂಪು ಗುರುತು ಹಾಕುತ್ತೇವೆ.

ಈಗ ಆ ಮಾತಿಗೆ ಬರುತ್ತೇನೆ. ಫೋನಿನಲ್ಲಿ ಕೇಳಿದ್ದೇವೆ, ಕೌಂಟರಿನಲ್ಲಿ ಕೇಳಿದ್ದೇವೆ, ಒಬ್ಬರಂತೂ ಬಿಲ್ಲಿನ ಬೆನ್ನಿಗೇ ಬರೆದು ಕಳಿಸಿದ್ದರು: ‘ನಿಮ್ಮ ಸಮಾಜಸೇವೆಗೆ ನಮ್ಮ ಜೇಬು ಯಾಕೆ?’

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕೇಳಿದವರಲ್ಲಿ ಬಹಳ ಜನ ಆ ದುಡ್ಡು ಕುರ್ಚಿ, ಬೋರ್ಡು, ಸರ್ಟಿಫಿಕೇಟು, ಫೋಟೋ ಹಿಡಿಸಿಕೊಳ್ಳುವ ಕಾರ್ಯಕ್ರಮಕ್ಕೆ ಹೋಗುತ್ತದೆ ಅಂದುಕೊಂಡಿದ್ದಾರೆ. ಇದು ಮನಸ್ಸಿಗೆ ಸ್ವಲ್ಪ ಚುಚ್ಚಿದೆ. ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಖರ್ಚು ದಿನಭತ್ಯೆ. ನಮ್ಮ ಮೊದಲ ಬ್ಯಾಚಿನಲ್ಲಿ ಅದು ಇರಲಿಲ್ಲ. ಫೀಸು ಇಲ್ಲ, ಟೂಲ್ಸ್ ನಾವೇ ಕೊಡುತ್ತೇವೆ, ಇನ್ನೇನು ಬೇಕು ಅಂದುಕೊಂಡಿದ್ದೆವು. 12 ಜನ ಸೇರಿದರು. ಐದನೇ ವಾರಕ್ಕೆ ಐದು ಜನ ಉಳಿದರು. ಬಿಟ್ಟುಹೋದವರ ಮನೆಗೆ ನಾನೇ ಹೋಗಿ ಬಂದೆ. ಆಸಕ್ತಿ ಇಲ್ಲ ಎಂದವರು ಒಬ್ಬರೂ ಇಲ್ಲ. ದಿನಗೂಲಿ ಮಾಡುವವರು ನಮ್ಮ ಬೆಂಚಿನ ಮುಂದೆ ಕೂತ ಪ್ರತಿ ದಿನವೂ ಅವರಿಗೆ ಒಂದು ಕೂಲಿ ನಷ್ಟ. ಒಬ್ಬರು ಬಾಗಿಲಲ್ಲೇ ನಿಂತು, ‘ಸಾರ್, ನೀವು ಹೇಳಿಕೊಡೋದು ಚೆನ್ನಾಗೇ ಇದೆ, ಆದರೆ ಸಂಜೆ ಮನೆಗೆ ಬರಿಗೈಲಿ ಬರಬೇಕಲ್ಲ’ ಎಂದರು. ಫ್ರೀ ಕ್ಲಾಸು ಕೊಡುವವರಿಗೆ ಫ್ರೀ ಅನಿಸುತ್ತದೆ, ಅಷ್ಟೇ. ಅವತ್ತಿನಿಂದ ಭತ್ಯೆ ಶುರು ಮಾಡಿದೆವು. ಬಸ್ಸಿನ ಖರ್ಚು, ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವ ದುಡ್ಡೂ ಅದರಲ್ಲೇ ಸೇರಿದೆ. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ.

ಎರಡನೆಯದು ಯಾವ ರಸೀದಿಯಲ್ಲೂ ಕಾಣದ ಖರ್ಚು: ಕಲಿಸುವವರ ಹೊತ್ತು. ನಮ್ಮ ಸೀನಿಯರ್ ಮೆಕ್ಯಾನಿಕ್ ಒಬ್ಬರೇ ಹೋದರೆ ದಿನಕ್ಕೆ ಆರು ಮನೆ ಮುಗಿಸುತ್ತಾರೆ. ಜೊತೆಗೆ ಕಲಿಯುವವರಿದ್ದರೆ ನಾಲ್ಕೇ. ಸ್ಕ್ರೂ ಬಿಚ್ಚಲು ಅವರಿಗೇ ಬಿಡಬೇಕು, ತಪ್ಪಾದರೆ ತಡೆಯಬೇಕು, ಯಾಕೆ ತಪ್ಪು ಅಂತ ಹೇಳಬೇಕು. ಮಷಿನ್ನಿನ ಪ್ಲಗ್ ತೆಗೆದರೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಮೊದಲು ಅದನ್ನು ಖಾಲಿ ಮಾಡದೆ ಒಳಗೆ ಬೆರಳಿಡಬಾರದು ಎಂಬುದನ್ನು ಹತ್ತು ಸಲ ಹೇಳಬೇಕು. ಹನ್ನೊಂದನೇ ಸಲ ಹೇಳದೆಯೇ ಮಾಡುತ್ತಾರೆ. ಆ ಹತ್ತು ಸಲಕ್ಕೆ ಬಿಲ್ಲು ಯಾರ ಹೆಸರಿಗೆ ಹಾಕುವುದು?

ಮೂರನೆಯದು ಸಾಮಾನು. ತಾಮ್ರದ ತಂತಿ, ಕೆಪಾಸಿಟರು, ಕಾರ್ಬನ್ ಬ್ರಷ್ಷು, ಗುಜರಿಯಿಂದ ತಂದ ಹಳೇ ಮಷಿನ್ನುಗಳು. ತಾಮ್ರದ ರೇಟು ನಮ್ಮ ಮಾತು ಕೇಳುವುದಿಲ್ಲ, ಅದನ್ನು ಬಿಡಿ.

ಹೊರಗಿನ ದುಡ್ಡು ಇದ್ದಾಗ ಸುಖವಾಗಿದ್ದೆವು ಅಂದುಕೊಳ್ಳಬೇಡಿ. ಅದು ಬರುತ್ತಿದ್ದುದು ಮೂರು ಕಂತಿನಲ್ಲಿ. ಬ್ಯಾಚು ಶುರುವಾದಾಗ ಒಂದು, ಪರೀಕ್ಷೆ ಮುಗಿದ ಮೇಲೆ ಒಂದು, ಕಲಿತವರಿಗೆ ಕೆಲಸ ಸಿಕ್ಕಿ ಮೂರು ತಿಂಗಳು ಅಲ್ಲೇ ಉಳಿದರೆ ಕೊನೆಯದು. ಫಲ ಸಿಕ್ಕ ಮೇಲೆ ದುಡ್ಡು ಎಂಬುದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಭತ್ಯೆಯನ್ನು ನಾವು ಮೊದಲ ಶನಿವಾರವೇ ಎಣಿಸಿ ಕೊಡಬೇಕು. ಕೊನೇ ಕಂತು ಬರುವಷ್ಟರಲ್ಲಿ ಮುಂದಿನ ಬ್ಯಾಚು ಅರ್ಧ ಮುಗಿದಿರುತ್ತಿತ್ತು. ನಡುವಿನ ಸಾಲದ ಬಡ್ಡಿ ನಮ್ಮದು. ಒಬ್ಬಳು ಕಲಿತು, ಬೇರೆ ಊರಿನಲ್ಲಿ ನಾವು ಹುಡುಕಿಕೊಟ್ಟದ್ದಕ್ಕಿಂತ ಒಳ್ಳೆಯ ಕೆಲಸ ಹಿಡಿದಳು. ಸಂಬಳದ ಚೀಟಿ ಕಳಿಸುವುದು ಅವಳಿಗೆ ಮರೆತುಹೋಯಿತು. ಅವಳ ಪಾಲಿನ ಕಂತು ಕಟ್! ಕಾಗದದ ಪ್ರಕಾರ ಅವಳಿಗೆ ಕೆಲಸವೇ ಸಿಕ್ಕಿಲ್ಲ.

ಇಷ್ಟು ಹೇಳಿದ ಮೇಲೆ ಬರುವ ಇನ್ನೊಂದು ಪ್ರಶ್ನೆ, ಮೂರು ತಿಂಗಳಲ್ಲಿ ಯಾರು ಏನು ಕಲಿಯುತ್ತಾರೆ ಅಂತ. ಇಂಥ ತರಬೇತಿ ಎಲ್ಲ ಕಡೆ ಗೆದ್ದಿಲ್ಲ, ಅದು ನಮಗೂ ಗೊತ್ತು. ಅಮೆರಿಕದಲ್ಲಿ 1982ರ ಕಾನೂನಿನ ಅಡಿ ನಡೆಸಿದ ದೊಡ್ಡ ತರಬೇತಿ ಯೋಜನೆಯನ್ನು ಆಮೇಲೆ ಪರೀಕ್ಷೆ ಮಾಡಿ ನೋಡಿದಾಗ, ದೊಡ್ಡವರ ಸಂಪಾದನೆ ಅಷ್ಟಿಷ್ಟು ಏರಿತ್ತು. ಶಾಲೆ ಬಿಟ್ಟ ಎಳೆಯರಿಗೆ ಹೇಳಿಕೊಳ್ಳುವಂಥ ಲಾಭ ಆಗಿರಲಿಲ್ಲ. ಕೊಲಂಬಿಯಾದ ಕಥೆ ಬೇರೆ. ಅಲ್ಲಿ 2001ರಿಂದ 2005ರವರೆಗೆ ನಗರಗಳ ಬಡ ಕುಟುಂಬಗಳ 18ರಿಂದ 25 ವರ್ಷದವರಿಗೆ ಮೂರು ತಿಂಗಳು ಕ್ಲಾಸು, ಮೂರು ತಿಂಗಳು ಕಂಪನಿಯೊಳಗೆ ಕೆಲಸ ಕಲಿಸಿದರು. ದಿನಭತ್ಯೆ ಇತ್ತು, ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಸ್ವಲ್ಪ ಜಾಸ್ತಿ. ಕೊನೇ ಬ್ಯಾಚಿನಲ್ಲಿ ಅರ್ಜಿ ಹಾಕಿದವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಸೇರಿದವರನ್ನೂ ಸೇರದವರನ್ನೂ ಹೋಲಿಸಿ ನೋಡಿದರು. ಹೆಣ್ಣುಮಕ್ಕಳ ಸಂಪಾದನೆ ಸುಮಾರು ಶೇ 20ರಷ್ಟು ಏರಿತ್ತು. ಗಂಡುಮಕ್ಕಳಲ್ಲಿ ಅಷ್ಟು ಕಾಣಲಿಲ್ಲ. ಅಷ್ಟು ದೂರ ಯಾಕೆ, ಹಳ್ಳಿಯ ನಿರುದ್ಯೋಗಿ ಯುವಜನರಿಗೆ ಸ್ವಂತ ಉದ್ಯೋಗ ಕಲಿಸಲು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಕೊಟ್ಟೇ ಕೆಲವು ವಾರಗಳ ತರಬೇತಿ ನಡೆಸಿಕೊಂಡು ಬಂದಿದೆ. ಅದನ್ನು ನೋಡಿ ದೇಶದಲ್ಲೆಲ್ಲ ಅಂಥ ಸಂಸ್ಥೆಗಳಾದವು. ಅವಧಿ ಚಿಕ್ಕದು ಎನ್ನುವುದಕ್ಕಿಂತ, ಕಲಿಯುವಾಗ ಹೊಟ್ಟೆಗೆ ಏನು, ಕೈಗೆ ನಿಜವಾದ ಮಷಿನ್ ಸಿಗುತ್ತದೋ ಇಲ್ಲವೋ, ಇದರ ಮೇಲೇ ಜಾಸ್ತಿ ನಿಂತಿದೆ ಅಂತ ನನ್ನ ಲೆಕ್ಕ.

ನಿಜವಾದ ಮಷಿನ್ ಅಂದರೆ ಏನು ಅಂತ ನೋಡಬೇಕಿದ್ದರೆ ಒಂದು ಮಧ್ಯಾಹ್ನ ವರ್ಕ್‌ಶಾಪಿಗೆ ಬನ್ನಿ. ಕಳೆದ ವಾರ ಒಬ್ಬಾಕೆ ಫ್ಯಾನಿನ ಕಾಯಿಲ್ ಸುತ್ತುತ್ತಿದ್ದರು. ಎಣಿಕೆ ಬಾಯಲ್ಲಿ, ಕಣ್ಣು ತಂತಿಯ ಮೇಲೆ. ಇನ್ನೂರು ದಾಟಿತ್ತು. ಅಷ್ಟರಲ್ಲಿ ಮಗುವನ್ನು ನೋಡಿಕೊಳ್ಳುವವರ ಫೋನು. ಎರಡೇ ಮಾತು, ಇಟ್ಟರು. ಇಟ್ಟ ಮೇಲೆ ಸುಮ್ಮನೆ ಕೂತರು. ಎಣಿಕೆ ತಪ್ಪಿತ್ತು. ಪಕ್ಕದಲ್ಲಿದ್ದ ಹುಡುಗ, ಅಂದಾಜಿಗೆ ಹಾಕಿ ಅಕ್ಕಾ, ಯಾರಿಗೆ ಗೊತ್ತಾಗುತ್ತೆ ಎಂದ. ಆಕೆ ಏನೂ ಹೇಳಲಿಲ್ಲ, ಪೂರ್ತಿ ಬಿಚ್ಚಿ ಒಂದರಿಂದ ಶುರು ಮಾಡಿದರು. ಸುತ್ತು ಕಡಿಮೆಯಾದರೆ ಕಾಯಿಲ್ ಬಿಸಿಯಾಗುತ್ತದೆ, ಮತ್ತೆ ಸುಡುತ್ತದೆ. ಮುಗಿದ ಮೇಲೆ ಸೀರೀಸ್ ಬೋರ್ಡಿಗೆ ಹಾಕಿ ನೋಡಿದರು. ಶಾರ್ಟ್ ಇದ್ದರೆ ಬೋರ್ಡಿನ ಬಲ್ಬು ಜೋರಾಗಿ ಉರಿಯುತ್ತದೆ. ಮಂಕಾಗಿಯೇ ಇತ್ತು. ಆ ಫ್ಯಾನು ಯಾರ ಮನೆಗೆ ಹೋಯಿತು ಅಂತ ಹೇಳುವುದಿಲ್ಲ. ಓದುತ್ತಿರುವ ನಿಮ್ಮಲ್ಲೇ ಒಬ್ಬರ ತಲೆ ಮೇಲೆ ತಿರುಗುತ್ತಿದೆ.

ಇಷ್ಟು ಹೆಮ್ಮೆ ಪಟ್ಟ ಮೇಲೆ ನೀರಿನ ಕಥೆಯನ್ನೂ ಹೇಳಲೇಬೇಕು, ಅಲ್ವಾ? ಬಹಳ ಜನರಿಗೆ ಗೊತ್ತಾಗಿಯೇ ಇದೆ. ಕೆಲಸ ಒತ್ತಿಕೊಂಡು ಬಂದ ವಾರ, ಇನ್ನೂ ಎರಡನೇ ವಾರದಲ್ಲಿದ್ದ ಹುಡುಗಿಯನ್ನು ವಾಷಿಂಗ್ ಮಷಿನ್ ರಿಪೇರಿಗೆ ಕಳಿಸಿದೆವು. ಡ್ರೈನ್ ಪಂಪ್ ಬದಲಾಯಿಸಿ ಪೈಪು ಹಾಕಿದ್ದಾಳೆ, ಕ್ಲ್ಯಾಂಪ್ ಬಿಗಿ ಮಾಡಿಲ್ಲ. ಜೊತೆಗಿದ್ದ ಸೀನಿಯರ್ ಮುಂದಿನ ಮನೆಯ ಫೋನಿನಲ್ಲಿದ್ದರು. ನೋಡದೆಯೇ ಚೆಕ್‌ಲಿಸ್ಟಿಗೆ ಸೈನ್ ಹಾಕಿದರು. ಸಂಜೆ ಬಟ್ಟೆ ಹಾಕಿದಾಗ ಮನೆಯೊಳಗೆಲ್ಲ ನೀರು. ಮನೆಯವರಿಗೆ ನಷ್ಟ ಕಟ್ಟಿಕೊಟ್ಟೆವು. ಆ ದುಡ್ಡು ತರಬೇತಿ ಪಾಲಿನಿಂದ ಹೋಗಿಲ್ಲ, ಸಂಘದಿಂದ ಹೋಯಿತು. ಹುಡುಗಿಯನ್ನು ಯಾರೂ ಬೈಯಲಿಲ್ಲ. ಎರಡನೇ ವಾರಕ್ಕೆ ಕಳಿಸಿದ್ದು ನಾವು, ಸೈನ್ ಹಾಕಿದ್ದು ನಾವು. ಈಗ ಆರನೇ ವಾರ ಮುಗಿಯದೆ ಯಾರನ್ನೂ ಮನೆಗಳಿಗೆ ಕಳಿಸುವುದಿಲ್ಲ. ಒಬ್ಬರನ್ನೇ ಕಳಿಸುವ ಮಾತಂತೂ ಇಲ್ಲವೇ ಇಲ್ಲ. ಕೆಲಸ ಮುಗಿದ ಮೇಲೆ ಸೀನಿಯರ್ ನಿಮ್ಮ ಎದುರಿಗೇ ಮಷಿನ್ ಓಡಿಸಿ ತೋರಿಸಬೇಕು. ತೋರಿಸದೆ ಹೊರಟರೆ ದುಡ್ಡು ಕೊಡಬೇಡಿ.

ಇನ್ನು ಕೆಲವರು ದನಿ ತಗ್ಗಿಸಿ ಕೇಳುವ ಒಂದು ಮಾತಿದೆ: ‘ಆ ಏರಿಯಾದವರನ್ನ ಮನೆಯೊಳಗೆ ಹೇಗೆ ಬಿಡೋದು?’ ಇದಕ್ಕೆ ಉದ್ದ ಉತ್ತರ ಕೊಡುವುದಿಲ್ಲ. ವರ್ಷಗಳಿಂದ ನಿಮ್ಮ ಮನೆಗೆ ಬರುತ್ತಿರುವ, ನೀವು ಹೆಸರು ಹಿಡಿದು ಕೇಳಿ ಕರೆಸಿಕೊಳ್ಳುವ ನಮ್ಮ ಮೆಕ್ಯಾನಿಕ್‌ಗಳಲ್ಲಿ ಮೂವರು ಅದೇ ಏರಿಯಾದವರು. ನೀವು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಮುಂದಿನ ವ್ಯವಸ್ಥೆ ಹೀಗಿದೆ. ತರಬೇತಿ ಪಾಲಿನಿಂದ ಬಂದದ್ದು, ಹೋದದ್ದು ಎರಡನ್ನೂ ಮೂರು ತಿಂಗಳಿಗೊಮ್ಮೆ ಕೌಂಟರಿನ ಪಕ್ಕದ ಗೋಡೆಗೆ ಅಂಟಿಸುತ್ತೇವೆ. ಭತ್ಯೆ ಎಷ್ಟು, ತಂತಿ ಎಷ್ಟು, ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು, ಎಲ್ಲಾ ಅದರಲ್ಲಿರುತ್ತದೆ. ಬಿಟ್ಟವರ ಲೆಕ್ಕವನ್ನು ಮುಚ್ಚುವುದಿಲ್ಲ. ಪಾಲು ಕೊಡಲು ಇಷ್ಟವಿಲ್ಲದಿದ್ದರೆ ಬಿಲ್ಲಿನ ಆ ಸಾಲು ಹೊಡೆದು ಉಳಿದದ್ದು ಕೊಡಿ. ಯಾರೂ ಮುಖ ಗಂಟು ಹಾಕುವುದಿಲ್ಲ, ಹಾಕಿದರೆ ನನಗೆ ಹೇಳಿ. ಕಲಿಯುವವರು ಮನೆಗೆ ಬರುವುದು ಬೇಡ ಅನ್ನುವವರು ಬುಕ್ ಮಾಡುವಾಗಲೇ ತಿಳಿಸಿ, ಸೀನಿಯರ್ ಒಬ್ಬರೇ ಬರುತ್ತಾರೆ. ಕೂಲಿ ಅಷ್ಟೇ, ಕೆಲಸವೂ ಅಷ್ಟೇ. ಹೊರಗಿನ ದುಡ್ಡು ಮತ್ತೆ ಸಿಕ್ಕರೆ ಆ ಸಾಲು ಬಿಲ್ಲಿನಿಂದ ಹೋಗುತ್ತದೆ. ಎರಡು ಕಡೆ ಅರ್ಜಿ ಹಾಕಿದ್ದೇವೆ.

ಬಿಲ್ಲಿನ ಹಿಂದೆ ಇರುವುದು ನನ್ನದೇ ನಂಬರು. ಬೈಯುವುದಿದ್ದರೂ ಅದಕ್ಕೇ ಮಾಡಿ. ಕೌಂಟರಿನಲ್ಲಿ ಕೂರುವ ಹುಡುಗ ಹೊಸಬ. ಈ ತೀರ್ಮಾನಕ್ಕೂ ಅವನಿಗೂ ಸಂಬಂಧವಿಲ್ಲ.

ಅಂದಹಾಗೆ, ನೀರು ತುಂಬಿದ ಆ ಮನೆಯವರು ಈ ತಿಂಗಳು ಮತ್ತೆ ಸರ್ವಿಸ್ ಬುಕ್ ಮಾಡಿದ್ದಾರೆ. ಅದೇ ಹುಡುಗಿ ಬರಬಹುದಾ ಎಂದು ಕೇಳಿದೆ. ಬರಲಿ, ಕ್ಲ್ಯಾಂಪ್ ಮಾತ್ರ ನಾನೇ ಎಳೆದು ನೋಡ್ತೀನಿ ಎಂದರು.

ನಿಮ್ಮವ,
ಕಾರ್ಯದರ್ಶಿ, ಸಂಘದ ಎಲ್ಲ ಸದಸ್ಯರ ಪರವಾಗಿ