ಮಳೆಗಾಲದ ನಡುಗಡ್ಡೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನಲ್ಲಿ ಕಕ್ಕಡದ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳ, ಮಳೆ ಬಿಡದೆ ಹಿಡಿದರೆ ಬೊಳಿಬಾಣೆಯ ಬಳಿ ಕಾವೇರಿ ರಸ್ತೆಯ ಮೇಲೇರುತ್ತಾಳೆ, ಮೂರ್ನಾಡಿನ ದಾರಿ ಮುಚ್ಚುತ್ತದೆ. ಭಾಗಮಂಡಲದ ಕಡೆಗೆ ತಿರುಗೋಣವೆಂದರೆ ಅಲ್ಲಿಯೂ ಗದ್ದೆ ಯಾವುದು, ಹೊಳೆ ಯಾವುದು, ರಸ್ತೆ ಯಾವುದು ಎಂದು ತಿಳಿಯದಷ್ಟು ನೀರು. ನಾಪೋಕ್ಲು ಸುತ್ತಿನ ನಮ್ಮಂಥ ಊರುಗಳು ಆ ದಿನಗಳಲ್ಲಿ ನಡುಗಡ್ಡೆಗಳೇ. ನೀರು ಎರಡು ದಿನಕ್ಕೆ ಇಳಿಯಬಹುದು, ವಾರವೂ ಹಿಡಿಯಬಹುದು. ಮರ ಬಿದ್ದು ತುಂಡಾದ ವಿದ್ಯುತ್ ತಂತಿಯನ್ನು ಮತ್ತೆ ಎಳೆಯಲು ಇನ್ನೂ ಹೆಚ್ಚು ದಿನ ಬೇಕಾಗುತ್ತದೆ. ಈ ಕಷ್ಟ ನಮಗೆ ಹೊಸತಲ್ಲ, ಅದನ್ನು ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಸಣ್ಣ ಆಹಾರ ಉದ್ದಿಮೆಗಳಿಗೆ ಸರ್ಕಾರ ಕೊಡುತ್ತಿರುವ ನೆರವು ಈ ದಿನಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದನ್ನು ಗಮನಕ್ಕೆ ತರಲು ಬರೆಯುತ್ತಿದ್ದೇನೆ.

ನಮ್ಮದು ಎಂಟು ಮಂದಿ ಹೆಂಗಸರ ಸ್ವಸಹಾಯ ಸಂಘ. ಕಾಡಂಚಿನ ಹುಳಿಹಣ್ಣಿನ ರಸ ಬತ್ತಿಸಿ ಕಾಚಂಪುಳಿ ಕಾಯಿಸುತ್ತೇವೆ, ಹಲಸಿನ ತೊಳೆ ಒಣಗಿಸುತ್ತೇವೆ, ಕಣಿಲೆಯ (ಎಳೆ ಬಿದಿರಿನ ಮೊಳಕೆಯ) ಉಪ್ಪಿನಕಾಯಿ ಹಾಕುತ್ತೇವೆ. ಇವುಗಳಲ್ಲಿ ಕಾಚಂಪುಳಿಯೇ ನಮ್ಮ ಮುಖ್ಯ ಆದಾಯ. ಕೊಡಗಿನ ಹಂದಿಮಾಂಸದ ಸಾರು ಪಂದಿಕರಿ ಉಂಡವರಿಗೆಲ್ಲ ಅದರ ಹುಳಿ ಗೊತ್ತು. ಮಾಡುವ ಬಗೆ ತಿಳಿದವರು ಕಡಿಮೆಯಾದ್ದರಿಂದ ಸ್ವಲ್ಪ ಹೇಳುತ್ತೇನೆ. ಹಣ್ಣು ಮಾಗಿ ಉದುರುವುದು ಮಳೆಯಲ್ಲೇ. ಜಿಗಣೆ ಕಚ್ಚಿಸಿಕೊಳ್ಳುತ್ತ ಮರದಡಿಯಲ್ಲಿ ಆರಿಸಿ ತಂದು, ಬೀಜ ತೆಗೆದು, ಬಿದಿರಿನ ಬುಟ್ಟಿಯಲ್ಲಿ ಒಟ್ಟಿ ಕೆಳಗೆ ಪಾತ್ರೆ ಇಟ್ಟರೆ, ಹಣ್ಣು ತಾನಾಗಿ ಕರಗಿ ರಸ ತೊಟ್ಟಿಕ್ಕತೊಡಗುತ್ತದೆ. ಇದಕ್ಕೆ ಕೆಲವು ದಿನ ಬೇಕು. ಅಲ್ಯೂಮಿನಿಯಂ ಪಾತ್ರೆ ಬಳಸುವಂತಿಲ್ಲ, ಹುಳಿ ಲೋಹವನ್ನೇ ತಿನ್ನುತ್ತದೆ. ಆ ರಸವನ್ನು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ ಬತ್ತಿಸಿದರೆ ಕಾಕಂಬಿಯಂತೆ ಕಪ್ಪಾಗಿ, ಮಂದವಾಗಿ ಇಳಿಯುತ್ತದೆ. ಬುಟ್ಟಿಗಟ್ಟಲೆ ಹಣ್ಣಿಗೆ ಕೈಗೆ ಸಿಗುವುದು ಕೆಲವೇ ಬಾಟಲಿ. ಸರಿಯಾಗಿ ಕಾಯಿಸಿದ್ದು ವರ್ಷಗಟ್ಟಲೆ ಕೆಡುವುದಿಲ್ಲ. ಪ್ರವಾಸಿಗರಿಗೆ ತೆಳುವಾದ ಹುಳಿನೀರನ್ನು ಇದೇ ಹೆಸರಿನಲ್ಲಿ ಮಾರುವುದನ್ನು ಕಂಡಾಗ ನನಗಾಗುವ ಸಂಕಟವನ್ನು ಇನ್ನೊಂದು ಪತ್ರದಲ್ಲಿ ಬರೆಯಬೇಕು.

ಕಾಚಂಪುಳಿಯ ಹಣ್ಣು, ತಡವಾಗಿ ಮಾಗುವ ಹಲಸು, ಕಣಿಲೆ, ಈ ಮೂರೂ ಮಳೆಯ ತಿಂಗಳುಗಳ ಫಲ. ಬಯಲುಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ರಸ್ತೆ ತೆರೆದಿರುತ್ತದೆ, ಬಿಸಿಲು ಕಾದಿರುತ್ತದೆ. ನಮ್ಮ ಸುಗ್ಗಿ ಬರುವುದೇ ರಸ್ತೆ ಮುಚ್ಚಿ, ವಿದ್ಯುತ್ ಹೋಗಿ, ವಾರಗಟ್ಟಲೆ ಸೂರ್ಯ ಕಾಣದ ಸಮಯದಲ್ಲಿ.

ಕೆಲವು ವರ್ಷಗಳ ಹಿಂದಿನ ಮಾತು. ಸಾಲ ಮಾಡಿ ತಂದ ವಿದ್ಯುತ್ ಡ್ರೈಯರ್‌ನಲ್ಲಿ ಹಲಸಿನ ತೊಳೆ ಅರ್ಧ ಒಣಗಿತ್ತು. ರಾತ್ರಿ ಗಾಳಿಗೆ ಮರ ಬಿದ್ದು ವಿದ್ಯುತ್ ಹೋಯಿತು. ಮೂರನೆಯ ದಿನಕ್ಕೆ ಟ್ರೇಗಳ ತುಂಬ ಬೂಷ್ಟು. ಒಲೆಯ ಮೇಲಿನ ಅಟ್ಟದಲ್ಲಿ ಹರವಿದ ಒಂದಿಷ್ಟು ಮಾತ್ರ ಉಳಿಯಿತು, ಅದಕ್ಕೂ ಹೊಗೆಯ ವಾಸನೆ ಹಿಡಿದು ಮಾರುವಂತಿರಲಿಲ್ಲ. ಅತ್ತ ಕಾಚಂಪುಳಿ ತುಂಬಲು ಹೇಳಿದ್ದ ಗಾಜಿನ ಬಾಟಲಿಗಳು ನೀರಿನ ಆಚೆ ದಡದ ಅಂಗಡಿಯಲ್ಲೇ ಉಳಿದವು. ಆ ತಿಂಗಳ ಕಂತು ಮಾತ್ರ ತಪ್ಪದೆ ಎದುರು ನಿಂತಿತ್ತು. ಕಂತು ಕಟ್ಟಲು ನಮ್ಮಲ್ಲೊಬ್ಬರು ಕಿವಿಯ ಓಲೆ ಅಡವಿಟ್ಟರು. ಅವರ ಹೆಸರು ಬೇಡ, ಅವರಿಗೆ ಅದು ಇಷ್ಟವಾಗದು. ಆದರೆ ಆ ದಿನ ಅವರು ಮಾತಾಡದೆ ಓಲೆ ಬಿಚ್ಚಿ ಮೇಜಿನ ಮೇಲಿಟ್ಟದ್ದನ್ನು ನಾನು ಮರೆತಿಲ್ಲ.

ಯೋಜನೆಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ, ನಮ್ಮಂಥವರನ್ನು ಗುರುತಿಸಿದ್ದೇ ದೊಡ್ಡ ಉಪಕಾರ. ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲಕ್ಕೆ ಜೋಡಿಸಿದ ಸಹಾಯಧನವಿದೆ. ಕರ್ನಾಟಕ ಸರ್ಕಾರ ತನ್ನ ಪಾಲಿನಿಂದ ಇನ್ನೂ ಶೇ 15 ಸೇರಿಸಿ, ಗರಿಷ್ಠ ಮಿತಿಯನ್ನು 15 ಲಕ್ಷಕ್ಕೆ ಏರಿಸಿದೆ. ಸ್ವಸಹಾಯ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನದ, ಅಂದರೆ ಆರಂಭಿಕ ಬಂಡವಾಳದ, ಅವಕಾಶವೂ ಇದೆ. ರಾಜ್ಯದಲ್ಲಿ ಕೃಷಿ ಉತ್ಪನ್ನಗಳ ಸಂಸ್ಕರಣೆ, ರಫ್ತು ನಿಗಮವಾದ ಕೆಪೆಕ್ ಇದನ್ನು ನೋಡಿಕೊಳ್ಳುತ್ತಿದೆ. ಕಷ್ಟವಿರುವುದು ಇಲ್ಲಿ: ಸಹಾಯಧನ ಮೊದಲು ಬ್ಯಾಂಕಿನಲ್ಲೇ ಉಳಿಯುತ್ತದೆ. ಸಾಲ ಮೂರು ವರ್ಷ ಸುಸ್ಥಿತಿಯಲ್ಲಿದ್ದರೆ ಮಾತ್ರ ಅದು ನಮ್ಮ ಸಾಲಕ್ಕೆ ಜಮೆಯಾಗುತ್ತದೆ. ವರ್ಷವಿಡೀ ಒಂದೇ ಸಮನೆ ದುಡಿಯುವ ಘಟಕಕ್ಕೆ ಇದು ಸರಿಯಾದ ಕ್ರಮವೇ. ಜುಲೈ, ಆಗಸ್ಟ್‌ನಲ್ಲಿ ಮಾಲು ತಯಾರಿಸಿ, ರಸ್ತೆ ತೆರೆದ ಮೇಲೆ ಮಾರಿ, ಹಣ ಕಾಣುವಷ್ಟರಲ್ಲಿ ಸುಗ್ಗಿಹಬ್ಬ ಹುತ್ತರಿ ಹತ್ತಿರವಾಗುವ ನಮ್ಮಂಥವರು ಮಳೆಗಾಲದ ಕಂತುಗಳಲ್ಲೇ ಎಡವುತ್ತೇವೆ.

ಇದೇ ಯೋಜನೆಯಲ್ಲಿ ಪ್ರತಿ ಜಿಲ್ಲೆಗೂ ಒಂದು ಉತ್ಪನ್ನ ಗೊತ್ತುಮಾಡುವ ‘ಒಂದು ಜಿಲ್ಲೆ, ಒಂದು ಉತ್ಪನ್ನ’ದಡಿ ಕೊಡಗಿಗೆ ಸಿಕ್ಕಿರುವುದು ಕಾಫಿ. ಅದರ ಬಗ್ಗೆ ತಕರಾರಿಲ್ಲ, ಕಾಫಿ ನಮ್ಮ ಜಿಲ್ಲೆಯ ಬೆನ್ನೆಲುಬು. ಬೇರೆ ಉತ್ಪನ್ನಗಳಿಗೂ ಅವಕಾಶವಿದೆ. ಆದರೂ ತೋಟವಿಲ್ಲದ, ಅಥವಾ ಮನೆಯ ಹಿಂದೆ ಅರ್ಧ ಎಕರೆ ಮಾತ್ರ ಇರುವ ಹೆಂಗಸರಿಗೆ ಕಾಡಂಚಿನ ಹಣ್ಣು, ಹಲಸು, ಕಣಿಲೆಗಳೇ ಆಸರೆ ಎಂಬುದನ್ನು ಮರೆಯಬಾರದು.

ನಿಜವಾದ ದ್ವೀಪಗಳಲ್ಲಿ ಸರ್ಕಾರಗಳು ಏನು ಮಾಡುತ್ತವೆ ಎಂದು ಒಮ್ಮೆ ನೋಡಬೇಕು. ನಮ್ಮದೇ ಲಕ್ಷದ್ವೀಪವಿದೆ. ಅಲ್ಲಿಯ ಜನ ಸೂರೆ (ಟ್ಯೂನಾ) ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಒಣಗಿಸಿ ಮಾಸ್ಮಿನ್ ಎಂಬ ಒಣಮೀನು ಮಾಡುತ್ತಾರೆ. ತೆಂಗಿನ ನೀರಾದಿಂದ ಬೆಲ್ಲ, ವಿನೆಗರ್ ತಯಾರಿಸುತ್ತಾರೆ. ಮುಂಗಾರಿನಲ್ಲಿ ಕಡಲು ಕೆರಳಿದರೆ ಅವರ ಸರಕೂ ನಮ್ಮ ಬಾಟಲಿಗಳಂತೆ ದಡದಲ್ಲೇ ಉಳಿಯುತ್ತದೆ. ಇದೇ ಪಿಎಂಎಫ್‌ಎಂಇ ಯೋಜನೆಯ ವೆಚ್ಚವನ್ನು ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ, ರಾಜ್ಯಗಳು 60:40ರಂತೆ ಹಂಚಿಕೊಂಡರೆ, ಲಕ್ಷದ್ವೀಪದಲ್ಲಿ ಪೂರ್ತಿ ಕೇಂದ್ರವೇ ಹೊರುತ್ತದೆ. ಇಲ್ಲೊಂದು ಸಂಗತಿ ನನ್ನನ್ನು ಬಹಳ ಸಲ ಯೋಚನೆಗೆ ಹಚ್ಚಿದೆ. ಅಮಿನಿ, ಕಿಲ್ತಾನ್, ಕಡ್ಮತ್ ಮೊದಲಾದ ದ್ವೀಪಗಳು ಒಂದು ಕಾಲದಲ್ಲಿ ಮಂಗಳೂರಿನ ಆಡಳಿತಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ಅವು ಕೇಂದ್ರಾಡಳಿತ ಪ್ರದೇಶದ ಭಾಗವಾದವು. ಅದೇ ದಿನ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿ ಒಂದು ಜಿಲ್ಲೆಯಾಯಿತು. ಹಳೆಯದನ್ನು ಕೆದಕುವುದು ನನ್ನ ಉದ್ದೇಶವಲ್ಲ. ಸಮುದ್ರ ಸುತ್ತುವರಿದವರಿಗೆ ಬೇರೆ ಲೆಕ್ಕ ಬೇಕೆಂದು ಒಪ್ಪಿದ ಸರ್ಕಾರಗಳು, ಹೊಳೆ ಸುತ್ತುವರಿದವರ ಲೆಕ್ಕವನ್ನು ಇನ್ನೂ ಬರೆದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಯುರೋಪ್ ಒಕ್ಕೂಟದ ಮೂಲ ಒಪ್ಪಂದದಲ್ಲೇ ಅಸೋರಿಸ್, ಮದೇರಾ, ಕ್ಯಾನರಿಯಂಥ ದೂರದ ದ್ವೀಪಗಳ ಅಡಚಣೆಗಳನ್ನು ಹೆಸರಿಸಿ ಬರೆಯಲಾಗಿದೆ: ದೂರ, ಸುತ್ತಲ ನೀರು, ಸಣ್ಣ ವಿಸ್ತೀರ್ಣ, ಕಡಿದಾದ ನೆಲ, ಹವಾಮಾನ. ದೂರದಿಂದಾಗಿ ಹೆಚ್ಚುವ ಖರ್ಚನ್ನು ತುಂಬಿಕೊಡಲು ಅಲ್ಲಿ ಪ್ರತ್ಯೇಕ ಕೃಷಿ ನೆರವೇ ಇದೆ. ಸ್ಕಾಟ್ಲೆಂಡ್ 2018ರಲ್ಲಿ ದ್ವೀಪಗಳಿಗಾಗಿಯೇ ಕಾನೂನು ಮಾಡಿತು. ಒಂದು ನೀತಿ ದ್ವೀಪದ ಜನರಿಗೆ ಬೇರೆಯವರಿಗಿಂತ ಗಣನೀಯವಾಗಿ ಬೇರೆ ಪರಿಣಾಮ ಉಂಟುಮಾಡುವಂತಿದ್ದರೆ, ಅದನ್ನು ಮೊದಲು ಪರಿಶೀಲಿಸಬೇಕೆಂದು ಆ ಕಾನೂನು ಹೇಳುತ್ತದೆ. ಇದನ್ನು ಓದಿದಾಗ ನನಗೆ ಹಿಡಿಸಿದ್ದು ಹಣದ ಮಾತಲ್ಲ. ಕೊಡುವ ಮೊದಲು ಕೇಳಬೇಕು ಎಂಬ ಆ ನಿಯಮ.

ಕೊಡಗಿನಲ್ಲಿ ಅಂಥ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ, ವಿದ್ಯುತ್ ಡ್ರೈಯರ್ ಬದಲು ಸೌದೆ, ಕಾಫಿ ಸಿಪ್ಪೆ ಉರಿಸುವ ಡ್ರೈಯರ್ ಬೇಕೆಂದು ನಾವು ಹೇಳುತ್ತಿದ್ದೆವು. ಕಾಫಿ ಸಿಪ್ಪೆಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ಬ್ಯಾಟರಿ, ಇನ್ವರ್ಟರ್, ಎರಡು ತಿಂಗಳ ಬಾಟಲಿ ಮುಚ್ಚಳ ದಾಸ್ತಾನು ಮಾಡಲು ಒಂದು ಒಣ ಕೋಣೆ, ಇವೂ ಯಂತ್ರದಷ್ಟೇ ಅಗತ್ಯ ಎನ್ನುತ್ತಿದ್ದೆವು. ನಮ್ಮ ಯೋಜನಾ ವರದಿ ಸಿದ್ಧಪಡಿಸಿದವರು ಇವನ್ನು ಹೆಚ್ಚುವರಿ ಖರ್ಚೆಂದು ಕೈಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಬಂದದ್ದು ಫೆಬ್ರುವರಿಯಲ್ಲಿ. ಕಾಫಿ ಕೊಯ್ಲಿನ ಆ ದಿನಗಳಲ್ಲಿ ನಮ್ಮೂರು ಬಿಸಿಲಿನಲ್ಲಿ ಹೊಳೆಯುತ್ತಿರುತ್ತದೆ.

ಕಂತುಗಳನ್ನು ಮಳೆಗಾಲದ ಮೂರು ತಿಂಗಳು ಮುಂದೂಡಿ, ರಸ್ತೆ ತೆರೆದ ತಿಂಗಳುಗಳಿಗೆ ಹಂಚುವುದು ಬ್ಯಾಂಕುಗಳಿಗೆ ಅಸಾಧ್ಯವೇನಲ್ಲ. ಬೆಳೆಸಾಲಕ್ಕೆ ಹಂಗಾಮಿನ ಲೆಕ್ಕ ಇದ್ದೇ ಇದೆ. ಎಲ್ಲ ಸಂಘಗಳೂ ಹಂಚಿಕೊಂಡು ಬಳಸುವ ಸಂಸ್ಕರಣಾ ಕೇಂದ್ರ ಸ್ಥಾಪಿಸುವುದಾದರೆ ಅದನ್ನು ದೊಡ್ಡ ಪೇಟೆಯಲ್ಲಿ ಮಾತ್ರ ಕಟ್ಟದೆ, ಹೊಳೆಯ ಈ ದಡದಲ್ಲಿ, ಹೋಬಳಿಗೊಂದು ಚಿಕ್ಕದಾಗಿಯಾದರೂ ಕಟ್ಟಲಿ. ಹಣ್ಣು ನೀರು ದಾಟಿ ಹೋಗಲಾರದು, ಕಾಯಿಸಿದ ಕಾಚಂಪುಳಿ ಕಾಯಬಲ್ಲದು. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಇದೆ. ಕಾಚಂಪುಳಿ ಎಷ್ಟು ಮಂದವಿರಬೇಕು, ಎಷ್ಟು ಹುಳಿಯಿರಬೇಕು ಎಂದು ಅಳೆಯುವ ಸರಳ ವಿಧಾನವನ್ನು ಅಲ್ಲಿಯ ತಜ್ಞರು ನಮ್ಮ ಒಲೆಯ ಬಳಿ ನಿಂತು ಕಲಿಸಿದರೆ, ಹುಳಿನೀರು ಮಾರುವವರ ಎದುರು ನಾವು ತಲೆಯೆತ್ತಿ ನಿಲ್ಲುತ್ತೇವೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿ ಮಡಿಕೇರಿ, ಮಂಗಳೂರು ನಡುವಿನ ಹೆದ್ದಾರಿಯೇ ಮುಚ್ಚಿದ ಮೇಲೆ, ಈ ಜಿಲ್ಲೆಯಲ್ಲಿ ಯಾವ ಊರು ಯಾವಾಗ ನಡುಗಡ್ಡೆಯಾದೀತು ಎಂದು ಹೇಳುವಂತಿಲ್ಲ. ರೈಲು ಮಾರ್ಗ ನಮಗಿಲ್ಲ, ಇರುವುದು ರಸ್ತೆಯೊಂದೇ.

ಪಿಎಂಎಫ್‌ಎಂಇ ಯೋಜನೆಯ ಅವಧಿಯನ್ನು 2025-26ರವರೆಗೆ ವಿಸ್ತರಿಸಲಾಗಿತ್ತು. ಅದರ ಮುಂದಿನ ರೂಪ ಏನೇ ಇರಲಿ, ಅದನ್ನು ಬರೆಯುವ ಮೊದಲು ಸಂಬಂಧಪಟ್ಟ ಅಧಿಕಾರಿಗಳೂ ಬ್ಯಾಂಕಿನವರೂ ಒಮ್ಮೆ ಜುಲೈ ಕೊನೆಯಲ್ಲಿ ನಮ್ಮೂರಿಗೆ ಬರಬೇಕೆಂದು ಕೋರುತ್ತೇನೆ. ರಸ್ತೆ ಮುಚ್ಚಿದರೆ ನಮ್ಮ ಮನೆಗಳಲ್ಲೇ ಉಳಿಯಬಹುದು. ಅಕ್ಕಿ ಇದೆ, ಸೌದೆ ಇದೆ, ಆ ಹೊತ್ತಿಗೆ ಒಲೆಯ ಮೇಲೆ ಕಾಚಂಪುಳಿಯೂ ಕುದಿಯುತ್ತಿರುತ್ತದೆ.

ಇಂತಿ,
ಸ್ವಸಹಾಯ ಸಂಘವೊಂದರ ಸದಸ್ಯೆ
ನಾಪೋಕ್ಲು, ಕೊಡಗು