ಸಂಜೆಯ ಲೋಟಕ್ಕೆ ಕೆಂಪು ಪೊದೆ

ಕೇಪ್‌ಟೌನ್, ದಕ್ಷಿಣ ಆಫ್ರಿಕಾ

ತೀರ್ಥರೂಪ ಅಪ್ಪನವರಿಗೆ ಹಾಗೂ ಅಮ್ಮನಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ.

ಅಪ್ಪ, ಸಂಜೆಯ ಕಾಫಿ ಬಿಟ್ಟು ಗ್ರೀನ್ ಟೀ ಕುಡಿಯುತ್ತಿದ್ದರೂ ನಡುರಾತ್ರಿಯವರೆಗೆ ನಿಮಗೆ ಕಣ್ಣು ಹತ್ತುತ್ತಿಲ್ಲವೆಂದು ಅಮ್ಮ ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಅದೇ ಯೋಚನೆ. ಗ್ರೀನ್ ಟೀ ಕೂಡ ಚಹಾ ಗಿಡದ್ದೇ ಎಲೆ. ಸಂಸ್ಕರಿಸುವ ರೀತಿ ಬೇರೆಯೇ ಹೊರತು ಅದರಲ್ಲಿಯೂ ನಿದ್ದೆ ಕೆಡಿಸುವ ಕೆಫೀನ್ ಇದೆ. ಅಮ್ಮ ಮಾಡುವ ಕೊತ್ತಂಬರಿ-ಜೀರಿಗೆ ಕಷಾಯದಲ್ಲಿ ಅದು ಇಲ್ಲ. ಆದರೆ ಕಷಾಯವೆಂದರೆ ನೆಗಡಿಯ ಮದ್ದೆಂದು ನೀವು ಮುಖ ತಿರುಗಿಸುತ್ತೀರಿ. ಆದ್ದರಿಂದ ಇಲ್ಲಿಯ ಮನೆಮನೆಯ ಪಾನೀಯವಾದ ರೂಯಿಬೋಸ್ ಕಳುಹಿಸುತ್ತಿದ್ದೇನೆ.

ಇಲ್ಲಿಯ ಆಫ್ರಿಕಾನ್ಸ್ ಭಾಷೆಯಲ್ಲಿ ಆ ಹೆಸರಿಗೆ ಕೆಂಪು ಪೊದೆ ಎಂದರ್ಥ. ಚಹಾ ಗಿಡಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ತೊಗರಿಯ ಕುಟುಂಬಕ್ಕೆ ಸೇರಿದ, ಸೂಜಿಯಂಥ ಎಲೆಯ ಈ ಗಿಡ ಕೇಪ್‌ಟೌನಿನ ಉತ್ತರಕ್ಕಿರುವ ಸೀಡರ್‌ಬರ್ಗ್ ಬೆಟ್ಟಗಳ ಸುತ್ತಲಿನ ಮರಳುನೆಲದಲ್ಲಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಅಲ್ಲಿಯ ಒಂದು ಕಣಕ್ಕೆ ಹೋಗಿದ್ದೆವು. ಕೊಯ್ದ ಹಸಿರು ಕಡ್ಡಿಗಳನ್ನು ಸಣ್ಣಗೆ ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ ರಾಶಿ ಹಾಕುತ್ತಾರೆ. ಗಾಳಿ ತಾಗಿ ಕೆಂಪೇರಿದ ಆ ರಾಶಿಯನ್ನು ಬೆಳಿಗ್ಗೆ ಬಿಸಿಲಿಗೆ ಹರವಿದಾಗ, ಒಂದು ಹಿಡಿ ಎತ್ತಿ ಮೂಸಿದರೆ ಜೇನಿನ ವಾಸನೆ. ಈ ಗಿಡದ ಗುಣವನ್ನು ಮೊದಲು ಅರಿತವರು ಇಲ್ಲಿನ ಮೂಲನಿವಾಸಿಗಳಾದ ಖೋಯ್ ಮತ್ತು ಸಾನ್ ಜನ. 2019ರ ಒಪ್ಪಂದದ ನಂತರ, ರೈತರಿಗೆ ಸಿಗುವ ಬೆಲೆಯ ಶೇ. 1.5ರಷ್ಟು ಮೊತ್ತವನ್ನು ರೂಯಿಬೋಸ್ ಉದ್ಯಮ ಈ ಮೂಲನಿವಾಸಿಗಳಿಗೆ ಸಲ್ಲಿಸಬೇಕು. ತಡವಾಗಿಯಾದರೂ ಆದ ಈ ನ್ಯಾಯ ನನಗೆ ಬಹಳ ಸಮಾಧಾನ ತಂದಿದೆ.

ಇದರಲ್ಲಿ ಕೆಫೀನ್ ಸಹಜವಾಗಿಯೇ ಇಲ್ಲ, ಒಗರಿನ ಟ್ಯಾನಿನ್ ಕೂಡ ಕಡಿಮೆ. ಹಾಗಾಗಿ ಎಷ್ಟು ಹೊತ್ತು ಕುದಿಸಿದರೂ ಚಹಾದಂತೆ ಕಹಿಯಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದಕ್ಕೆ ಹಾಲು ಹೊಂದುತ್ತದೆ. ಸಂಜೆ ಐದಕ್ಕೆ ನಿಮ್ಮ ಕೈ ಹುಡುಕುವುದು ಬಿಸಿ ಲೋಟವನ್ನು, ಹಾಲು ಬೆರೆತ ಆ ಕಂದು ಬಣ್ಣವನ್ನು ಎಂದು ನಾನು ಬಲ್ಲೆ. ಇದು ನಿದ್ದೆಯ ಔಷಧವಲ್ಲ, ನಿದ್ದೆ ಕೆಡಿಸುವ ಕೆಫೀನ್ ಇಲ್ಲದ ಪಾನೀಯವಷ್ಟೇ, ನೀವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವುದರಿಂದ ಡಾಕ್ಟರನ್ನು ಒಂದು ಮಾತು ಕೇಳಿಯೇ ಶುರುಮಾಡಿ.

ಅಮ್ಮ, ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕುದಿಸಿ ಆಮೇಲೆ ಬಿಸಿ ಹಾಲು ಬೆರೆಸು. ಕಡ್ಡಿ ತೀರಾ ಸಣ್ಣದಾದ್ದರಿಂದ ಜಾಲರಿಯಲ್ಲಿ ನಿಲ್ಲುವುದಿಲ್ಲ, ಬಟ್ಟೆಯಲ್ಲಿ ಸೋಸು.

ಇಂತಿ,
ನಿಮ್ಮ ಪ್ರೀತಿಯ ಮಗಳು